ಮೂರು ದಿನ ಸಾಲದು: ಮಂಡ್ಯದ ಪುಟ್ಟ ಕಲಾ ಗ್ಯಾಲರಿಯೊಂದರಿಂದ ಊರಿಗೆ ಬಹಿರಂಗ ಪತ್ರ

ಮಂಡ್ಯ ಜಿಲ್ಲೆಯ ಮಾನ್ಯ ಜನಪ್ರತಿನಿಧಿಗಳಿಗೆ, ಸಾರ್ವಜನಿಕ ಸಭಾಂಗಣಗಳ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳಿಗೆ, ಶಾಲೆಗಳ ಮುಖ್ಯ ಶಿಕ್ಷಕರಿಗೆ ಮತ್ತು ಊರಿನ ಸಮಸ್ತ ನಾಗರಿಕರಿಗೆ

ಮಾನ್ಯರೆ,

ಈ ಪತ್ರ ಬರೆಯುತ್ತಿರುವ ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ಡ್ರಾಯಿಂಗ್ ಮೇಷ್ಟ್ರು. ಮಂಡ್ಯದ ಹಳೆಯ ಬಡಾವಣೆಯೊಂದರಲ್ಲಿ ಹೆಂಚಿನ ಮನೆಯ ಮುಂದಿನ ಹಜಾರವನ್ನು ಬಾಡಿಗೆಗೆ ಹಿಡಿದು, ನಾವು ಏಳು ಮಂದಿ ಸೇರಿ ಒಂದು ಪುಟ್ಟ ಕಲಾ ಗ್ಯಾಲರಿ ನಡೆಸುತ್ತಿದ್ದೇವೆ. ಏಳು ಮಂದಿಯಲ್ಲಿ ಒಬ್ಬರು ಕಾಲೇಜಿನ ಉಪನ್ಯಾಸಕಿ, ಒಬ್ಬರು ಟೈಲರ್, ಇಬ್ಬರು ಮೈಸೂರಿನಲ್ಲಿ ಕಲೆ ಓದಿ ಬಂದ ಹುಡುಗರು, ಒಬ್ಬರು ಫ್ಲೆಕ್ಸ್ ಬರುವ ಮುನ್ನ ಈ ಊರಿನ ಎಷ್ಟೋ ಅಂಗಡಿಗಳ ಬೋರ್ಡು ಬರೆದಿದ್ದ ಪೇಂಟರ್, ಇನ್ನೊಬ್ಬರು ಆ ಮನೆಯ ಮಾಲೀಕರೇ. ಹಜಾರದ ಉದ್ದ 18 ಅಡಿ, ಅಗಲ 12 ಅಡಿ. ಒತ್ತೊತ್ತಾಗಿ ಹಾಕದೆ ಚಿತ್ರಗಳಿಗೆ ಉಸಿರಾಡಲು ಜಾಗ ಬಿಟ್ಟರೆ ಅಲ್ಲಿ ಇಪ್ಪತ್ತೆರಡು ಚಿತ್ರಗಳು ಹಿಡಿಯುತ್ತವೆ.

ಕಳೆದ ವರ್ಷ ವಿಜಯದಶಮಿ ಕಳೆದ ಮೊದಲ ಶನಿವಾರದಿಂದ ಯುಗಾದಿಯ ಹಿಂದಿನ ವಾರದವರೆಗೆ ಈ ಹಜಾರದಲ್ಲಿ ಐದು ಪ್ರದರ್ಶನಗಳನ್ನು ನಡೆಸಿದೆವು. ಪ್ರತಿಯೊಂದನ್ನೂ ನಾಲ್ಕು ವಾರ ಇಟ್ಟೆವು. ಈ ವರ್ಷದ ಸರಣಿ ಇನ್ನು ಕೆಲವೇ ದಿನಗಳಲ್ಲಿ ಆರಂಭವಾಗಲಿದೆ. ಆ ಐದು ತಿಂಗಳಲ್ಲಿ ನಾವು ಕಂಡದ್ದನ್ನು ತಮ್ಮ ಮುಂದಿಟ್ಟು, ಒಂದು ಕೋರಿಕೆಯನ್ನು ಸಲ್ಲಿಸುವುದಕ್ಕಾಗಿ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಕೋರಿಕೆ ಇಷ್ಟೆ: ನಮ್ಮ ಜಿಲ್ಲೆಯಲ್ಲಿ ಒಂದು ಚಿತ್ರ ಗೋಡೆಯ ಮೇಲೇರಿದರೆ ಅದು ಕನಿಷ್ಠ ಒಂದು ತಿಂಗಳು ಅಲ್ಲಿರುವಂತೆ ಅವಕಾಶ ಮಾಡಿಕೊಡಿ.

ಇದು ಸಣ್ಣ ಮಾತೆಂದು ತೋರಬಹುದು. ಆದರೆ ನಮ್ಮ ಕಡೆಯ ಊರುಗಳಲ್ಲಿ ಚಿತ್ರಕಲಾ ಪ್ರದರ್ಶನ ಹೇಗೆ ನಡೆಯುತ್ತದೆ ಎಂಬುದನ್ನು ನೋಡಿದವರಿಗೆ ಇದರ ತೂಕ ತಿಳಿಯುತ್ತದೆ. ಸಭಾಂಗಣದ ಬಾಡಿಗೆ ದಿನದ ಲೆಕ್ಕದಲ್ಲಿರುವುದರಿಂದ ಕಲಾವಿದನ ಕೈಗೆ ಎಟಕುವುದು ಮೂರೇ ದಿನ. ಶುಕ್ರವಾರ ಬೆಳಿಗ್ಗೆ ಮೊಳೆ ಹೊಡೆಯುವ ಗಡಿಬಿಡಿ, ಮಧ್ಯಾಹ್ನ ಉದ್ಘಾಟನೆ, ಮುಖ್ಯ ಅತಿಥಿಗಳು ಬರುವುದು ತಡವಾದರೆ ಸಂಜೆಯವರೆಗೆ ಕಾಯುವಿಕೆ, ದೀಪ ಬೆಳಗಿ ಮೂರು ಭಾಷಣ, ಶಾಲು ಹಾರ, ಫೋಟೊ. ಶನಿವಾರ ಬಂಧುಗಳೂ ಸ್ನೇಹಿತರೂ ಬರುತ್ತಾರೆ. ಉದ್ಘಾಟನೆಯ ಸುದ್ದಿ ಪತ್ರಿಕೆಯಲ್ಲಿ ಬರುವುದು ಶನಿವಾರವೋ ಭಾನುವಾರವೋ. ಅದನ್ನು ಓದಿ, ನೋಡಬೇಕೆಂದು ಮನಸ್ಸು ಮಾಡಿ, ಸೋಮವಾರ ಕೆಲಸ ಮುಗಿಸಿಕೊಂಡು ಬಂದವರಿಗೆ ಸಿಗುವುದು ಬರಿಗೋಡೆ ಮತ್ತು ಮೊಳೆ ಕಿತ್ತ ಗುರುತು. ಒಂದು ವರ್ಷ ಕೂತು ಬಿಡಿಸಿದ ಚಿತ್ರಗಳು ಅಷ್ಟರಲ್ಲಿ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಕಲಾವಿದನ ಮನೆಯ ಮಂಚದಡಿ ಸೇರಿರುತ್ತವೆ.

ನನ್ನದೇ ಅನುಭವವನ್ನು ಹೇಳುವುದಾದರೆ, ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಗಳ ಚಿತ್ರಗಳನ್ನು ಒಂದು ಸಾರ್ವಜನಿಕ ಸಭಾಂಗಣದಲ್ಲಿ ಮೂರು ದಿನಕ್ಕೆಂದು ಹಣ ಕಟ್ಟಿ ಏರಿಸಿದ್ದೆವು. ಎರಡನೆಯ ದಿನ ಮಧ್ಯಾಹ್ನ, ತುರ್ತು ಸಭೆಯೊಂದಕ್ಕೆ ಅದೇ ಸಭಾಂಗಣ ಬೇಕಾಗಿದೆ, ಒಂದು ಗಂಟೆಯೊಳಗೆ ಖಾಲಿ ಮಾಡಬೇಕು ಎಂಬ ಮಾತು ಬಂತು. ಚಿತ್ರಗಳನ್ನು ಎರಡು ಆಟೊದಲ್ಲಿ ತುಂಬಿಕೊಂಡು ಹೊರಟೆವು. ಎರಡು ಚಿತ್ರಗಳ ಗಾಜು ಒಡೆಯಿತು, ಒಂದು ಜಲವರ್ಣದ ಮೇಲೆ ಗಾಜಿನ ಚೂರು ಎಳೆದ ಗೀರು ಇಂದಿಗೂ ಇದೆ. ಯಾರನ್ನೂ ದೂರುವುದಕ್ಕಾಗಿ ಇದನ್ನು ನೆನೆಯುತ್ತಿಲ್ಲ. ಅಂದು ಖಾಲಿ ಮಾಡಿಸಿದವರಿಗೆ ಚಿತ್ರ ಪ್ರದರ್ಶನವೆಂದರೆ ಉದ್ಘಾಟನೆ, ಅದು ಹಿಂದಿನ ದಿನವೇ ಮುಗಿದುಹೋಗಿತ್ತು. ಆ ತಿಳಿವಳಿಕೆಯನ್ನು ಬದಲಿಸಬೇಕೆಂಬುದು ನನ್ನ ಆಸೆ.

ಒಂದು ತಿಂಗಳಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಕಳೆದ ಸರಣಿಯ ಎರಡನೆಯ ಪ್ರದರ್ಶನದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಬಳಗದ ಹುಡುಗರಲ್ಲಿ ಒಬ್ಬ, ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಆಲೆಮನೆಯ ಒಂದು ದೊಡ್ಡ ಚಿತ್ರ ಬಿಡಿಸಿದ್ದ. ರಾತ್ರಿಯ ಹೊತ್ತು, ಒಲೆಯ ಬೆಂಕಿಯ ಕೆಂಪು ಕೊಪ್ಪರಿಗೆಯ ಅಂಚಿಗೆ ತಾಗಿದೆ, ಹಬೆಯ ನಡುವೆ ಇಬ್ಬರು ಕುದಿಯುವ ಪಾಕವನ್ನು ಕೊಪ್ಪರಿಗೆಯಿಂದ ಎತ್ತಿ ಅಚ್ಚುಗಳಿಗೆ ಸುರಿಯುತ್ತಿದ್ದಾರೆ. ಬಣ್ಣದ ಹದ ಚೆನ್ನಾಗಿತ್ತು, ನಾವೆಲ್ಲ ಮೆಚ್ಚಿದ್ದೆವು. ಪ್ರದರ್ಶನದ ಐದನೆಯ ದಿನ ಸಂಜೆ, ಪಕ್ಕದ ಗೊಬ್ಬರದ ಅಂಗಡಿಗೆ ಬಂದಿದ್ದ ರೈತರೊಬ್ಬರು ಬಾಗಿಲಲ್ಲಿ ನಿಂತು, "ಮೇಷ್ಟ್ರೇ, ಒಳಿಕ್ಕೆ ಬರ್ಬೋದಾ? ಎಷ್ಟು ಕೊಡ್ಬೇಕು?" ಎಂದು ಕೇಳಿದರು. ದುಡ್ಡಿಲ್ಲ ಬನ್ನಿ ಎಂದೆ. ಚಪ್ಪಲಿ ಹೊರಗೆ ಬಿಟ್ಟು, ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡು ಒಳಗೆ ಬಂದರು. ಉಳಿದ ಚಿತ್ರಗಳ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆಲೆಮನೆಯ ಮುಂದೆ ನಿಂತವರು ಕದಲಲಿಲ್ಲ. ಕೊನೆಗೆ, ಚಿತ್ರಕ್ಕೆ ಬೆರಳು ತಾಗದಂತೆ ಗಾಳಿಯಲ್ಲೇ ತೋರಿಸುತ್ತಾ, "ಬೆಂಕಿ ಸರ್ಯಾಗದೆ. ಆದ್ರೆ ಒಲೆ ಮೇಲಿಂದ ಎತ್ತಿ ಹಂಗೇ ಅಚ್ಚಿಗೆ ಸುರಿಯಕ್ಕಾಗಕಿಲ್ಲ ಸ್ವಾಮಿ. ಮೊದ್ಲು ಇಳಿಸ್ಬೇಕು, ತಿರುವ್ಬೇಕು, ಆರ್ಬೇಕು. ಆಮೇಲೆ ಅಚ್ಚು" ಎಂದರು. ಪಾಕಕ್ಕೆ ಸುಣ್ಣ ಯಾವಾಗ ಹಾಕಬೇಕು, ಬೆಂಡೆ ಗಿಡದ ಲೋಳೆ ಹಾಕಿದರೆ ಕೊಳೆ ಹೇಗೆ ಮೇಲೆ ಬರುತ್ತದೆ, ಅದನ್ನು ಹೇಗೆ ತೆಗೆಯಬೇಕು ಎಂದು ಕಾಲು ಗಂಟೆ ವಿವರಿಸಿ ಹೋದರು.

ಅವರು ಮತ್ತೆ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಹನ್ನೆರಡನೆಯ ದಿನ ಹೆಂಡತಿಯನ್ನೂ ಮೊಮ್ಮಗನನ್ನೂ ಕರೆದುಕೊಂಡು ಬಂದರು. ಅಂದು ಚಿತ್ರ ಬಿಡಿಸಿದ ಹುಡುಗನೂ ಇದ್ದ. ಅವರಿಬ್ಬರೂ ನೆಲದ ಮೇಲೆ ಕುಳಿತು ಮಾತನಾಡಿದ್ದನ್ನು ನಾನು ದೂರದಿಂದ ನೋಡುತ್ತಿದ್ದೆ. ಹುಡುಗ ತನ್ನ ಸ್ಕೆಚ್ ಪುಸ್ತಕ ತೆಗೆದು ಕೊಪ್ಪರಿಗೆ, ಪಾಕ ಸುರಿಯುವ ಮರದ ತೊಟ್ಟಿ, ತಿರುವುವ ಹಿಡಿಕೆ ಇವನ್ನೆಲ್ಲ ಅವರು ಹೇಳಿದಂತೆ ಗೆರೆ ಎಳೆದು ತೋರಿಸುತ್ತಿದ್ದ, ಅವರು ತಿದ್ದುತ್ತಿದ್ದರು. ಮೂರನೆಯ ವಾರ ಆ ಹುಡುಗ ಅವರ ಊರಿಗೇ ಹೋಗಿ ಎರಡು ರಾತ್ರಿ ಆಲೆಮನೆಯಲ್ಲಿ ಕಳೆದು ಬಂದ. ಈಗ ಯೋಚಿಸಿ. ಇದು ಮೂರು ದಿನದ ಪ್ರದರ್ಶನವಾಗಿದ್ದರೆ, ಆ ರೈತರು ಗೊಬ್ಬರದ ಅಂಗಡಿಗೆ ಬಂದ ಐದನೆಯ ದಿನಕ್ಕೆ ನಮ್ಮ ಹಜಾರ ಖಾಲಿಯಾಗಿರುತ್ತಿತ್ತು.

ನೋಡುವವರಿಗೂ ಸಮಯ ಬೇಕು ಎಂಬುದನ್ನು ನಮ್ಮ ಸುತ್ತಲಿನ ಚಿತ್ರಗಳೇ ಕಲಿಸುತ್ತವೆ. ಕಳೆದ ವರ್ಷದ ಮೊದಲ ಪ್ರದರ್ಶನವನ್ನು ನಾವು ಶ್ರೀರಂಗಪಟ್ಟಣದ ದರಿಯಾ ದೌಲತ್ ಮಹಲಿಗೆ ಮೀಸಲಿಟ್ಟಿದ್ದೆವು. 1784ರಲ್ಲಿ ಕಟ್ಟಿಸಿದ ಆ ತೇಗದ ಮಹಲಿನ ಪಶ್ಚಿಮದ ಗೋಡೆಯ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಸೋತ 1780ರ ಪೊಳ್ಳಿಲೂರು ಯುದ್ಧ ಇದೆ: ಹೈದರ್ ಮತ್ತು ಟಿಪ್ಪುವಿನ ಸೇನೆ, ಸಾಲು ಸಾಲು ಕುದುರೆಗಳು, ಚೌಕಾಕಾರದಲ್ಲಿ ಮುತ್ತಿಗೆಗೆ ಸಿಕ್ಕ ಕಂಪನಿಯ ಸೈನಿಕರು, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತ ಅವರ ದಂಡನಾಯಕ ಕರ್ನಲ್ ಬೈಲಿ. ಟಿಪ್ಪು ಮಡಿದ ಮೇಲೆ ಅದೇ ಮಹಲಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ವಾಸವಿದ್ದ. ಮಾಸಿಹೋಗಿದ್ದ ಚಿತ್ರಗಳನ್ನು ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಸಲಾಯಿತು. ಸೋತವರ ಕಡೆಯವರೇ ತಮ್ಮ ಸೋಲಿನ ಚಿತ್ರವನ್ನು ಉಳಿಸಿದ ಈ ಸಂಗತಿಯನ್ನು ಮಕ್ಕಳಿಗೆ ಹೇಳಿದಾಗಲೆಲ್ಲ ಅವರ ಕಣ್ಣು ಅರಳುವುದನ್ನು ಕಂಡಿದ್ದೇನೆ.

ಮಂಡ್ಯದ ಮಕ್ಕಳಲ್ಲಿ ಬಹುಪಾಲು ಈ ಮಹಲನ್ನು ಶಾಲಾ ಪ್ರವಾಸದಲ್ಲಿ ನೋಡಿರುತ್ತಾರೆ, ಅಂದರೆ ಸಾಲಾಗಿ ನಡೆದು ಹತ್ತು ನಿಮಿಷದಲ್ಲಿ ಹೊರಗೆ ಬಂದಿರುತ್ತಾರೆ. ನಾವು ಹದಿನಾಲ್ಕು ಮಕ್ಕಳನ್ನು ಆರು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಿ, ಪೆನ್ಸಿಲು ಕಾಗದ ಕೊಟ್ಟು, ಒಬ್ಬೊಬ್ಬರಿಗೆ ಗೋಡೆಯ ಒಂದೊಂದು ಮೊಳದಷ್ಟು ಭಾಗವನ್ನು ಹಂಚಿದೆವು. ಕುದುರೆಗಳೆಲ್ಲ ಒಂದೇ ಥರ ಇವೆ ಎಂದು ಮೊದಲ ಭಾನುವಾರ ಗೊಣಗಿದ ಹುಡುಗಿಯೊಬ್ಬಳು, ನಾಲ್ಕನೆಯ ಭಾನುವಾರ ನನ್ನನ್ನು ಕರೆದು, ಒಂದು ಕುದುರೆಯ ಕಾಲು ಪಕ್ಕದ ಸವಾರನ ಬಟ್ಟೆಯ ಹಿಂದೆ ಮರೆಯಾಗಿರುವುದನ್ನು ತೋರಿಸಿದಳು. ಅದನ್ನು ನಾನೂ ಅದುವರೆಗೆ ಗಮನಿಸಿರಲಿಲ್ಲ. ಆ ಮಕ್ಕಳ ಪೆನ್ಸಿಲ್ ಚಿತ್ರಗಳು ಗೋಡೆಯಲ್ಲಿರುವ ಕ್ರಮದಲ್ಲೇ ಅಕ್ಕಪಕ್ಕ ಸೇರಿ ನಮ್ಮ ಹಜಾರದ ಮೂರು ಗೋಡೆಗಳನ್ನು ಸುತ್ತಿಕೊಂಡವು.

ಆಲೆಮನೆಯ ಚಿತ್ರವಿದ್ದ ಪ್ರದರ್ಶನದಲ್ಲೇ ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ ಹೇಗೆ ತಯಾರಾಗುತ್ತದೆ ಎಂಬುದನ್ನು ಹಂತ ಹಂತವಾಗಿ ಒಂದು ಗೋಡೆಯಲ್ಲಿ ತೋರಿಸಿದ್ದೆವು. ವಿಜಯನಗರ ಬಿದ್ದ ಮೇಲೆ ಚದುರಿದ ಚಿತ್ರಕಾರರ ಕುಟುಂಬಗಳಿಗೆ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರ ಆಶ್ರಯ ಸಿಕ್ಕಿತು ಎಂದು ಕಲಾ ಇತಿಹಾಸಕಾರರು ಬರೆಯುತ್ತಾರೆ. ಹಾಗಿದ್ದರೂ ಈ ಶೈಲಿಯ ಹೆಸರು ಮೈಸೂರಿಗೆ ಸೇರಿಬಿಟ್ಟಿರುವುದರಿಂದ ಅದು ನಮ್ಮದೂ ಹೌದು ಎಂಬ ನೆನಪು ಈ ಕಡೆಯವರಿಗೆ ಉಳಿದಿಲ್ಲ. ಹುಣಸೆಯ ಕಡ್ಡಿಯನ್ನು ಸುಟ್ಟ ಇದ್ದಿಲಿನಿಂದ ಎಳೆದ ಮೊದಲ ಗೆರೆ, ಆಭರಣ ಕಿರೀಟ ಅಂಚುಗಳಿಗೆ ತೆಳುವಾಗಿ ಉಬ್ಬಿಸುವ ಮಸಾಲೆಯ, ಅಂದರೆ ಅಂಟಿನ ಲೇಪದ ಕೆಲಸ, ಅದರ ಮೇಲೆ ಚಿನ್ನದ ರೇಕು, ಆನಂತರ ಬಣ್ಣ, ಕೊನೆಗೆ ನಯವಾದ ಕಲ್ಲಿನಿಂದ ಹೊಳಪು. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪವಾಗಿರುತ್ತದೆ, ನಮ್ಮ ಕಡೆಯದರಲ್ಲಿ ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು ನವಿರು. ಹಳೆಯ ಬೋರ್ಡ್ ಪೇಂಟರ್ ಮಿತ್ರರು ಈ ಗೋಡೆಯ ಮುಂದೆ ಪ್ರತಿ ಸಂಜೆ ನಿಲ್ಲುತ್ತಿದ್ದರು. ಒಂದೇ ಉಸಿರಿಗೆ ಎಳೆದ ಗೆರೆ ಯಾವುದು, ಕೈ ತಡೆದು ಮತ್ತೆ ಸೇರಿಸಿದ ಗೆರೆ ಯಾವುದು ಎಂದು ಅವರು ಬಂದವರಿಗೆ ತೋರಿಸಿ ಹೇಳುತ್ತಿದ್ದ ರೀತಿ, ನಾನು ಮೂವತ್ತು ವರ್ಷ ತರಗತಿಯಲ್ಲಿ ಮಾಡಿದ ಪಾಠಕ್ಕಿಂತ ಚೆನ್ನಾಗಿತ್ತು.

ಮೂರನೆಯದು ಫೋಟೊಗಳ ಪ್ರದರ್ಶನ. ಮನೆಯಲ್ಲಿ ತೂಗುಹಾಕಿರುವ ಹಳೆಯ ಕಪ್ಪುಬಿಳುಪು ಫೋಟೊಗಳನ್ನು ಒಂದು ತಿಂಗಳ ಮಟ್ಟಿಗೆ ಕೊಡಿ ಎಂದು ಬೀದಿಬೀದಿ ತಿರುಗಿ ಕೇಳಿದೆವು. ಕನ್ನಂಬಾಡಿ ಕಟ್ಟೆಯ ನೀರು ಬಂದು, 1933ರಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಗಿ, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದ ಮೇಲೆ ಈ ಊರಿಗೆ ನೆಲೆಸಲು ಬಂದ ಮನೆತನಗಳು ಎಷ್ಟೋ. ಅವರ ಮೊದಲ ಫೋಟೊಗಳು ಸ್ಟುಡಿಯೊದ ಬಣ್ಣದ ಪರದೆಯ ಮುಂದೆ ತೆಗೆದವು: ಹಿಂದೆ ಯಾವುದೋ ಅರಮನೆಯ ಕಂಬ, ಪಕ್ಕದಲ್ಲಿ ಹೂದಾನಿ, ಗಂಡಸರ ಕೈಗಡಿಯಾರ ಕಾಣುವಂತೆ ಮಡಿಸಿದ ತೋಳು. ಅವುಗಳಲ್ಲಿ ಒಂದು ಫೋಟೊದಲ್ಲಿ ಕುಳಿತಿದ್ದ ಹೆಂಗಸು ಯಾರೆಂದು ಕೊಟ್ಟವರಿಗೇ ಗೊತ್ತಿರಲಿಲ್ಲ. ಅದರ ಕೆಳಗೆ ಹೆಸರಿಲ್ಲದ ಚೀಟಿ ಅಂಟಿಸಿದ್ದೆವು. ಮೂರನೆಯ ವಾರದಲ್ಲಿ ಬಂದ ಅಜ್ಜಿಯೊಬ್ಬರು ಕನ್ನಡಕ ಸರಿಮಾಡಿಕೊಂಡು, "ಇವ್ಳು ನಮ್ ದೊಡ್ಡವ್ವ ಕಣಪ್ಪ, ಮೂಗುತಿ ನೋಡು" ಎಂದರು. ಅಂದೇ ಚೀಟಿಯಲ್ಲಿ ಹೆಸರು ಬರೆದೆವು. ಆ ಎರಡು ಮನೆಗಳವರು ದೂರದ ನೆಂಟರೆಂದು ಆ ಸಂಜೆ ಇಬ್ಬರಿಗೂ ತಿಳಿಯಿತು.

ಪೂಜಾ ಕುಣಿತದ ಕುರಿತ ನಾಲ್ಕನೆಯ ಪ್ರದರ್ಶನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೇವಿಯ ಮುಖವಿರುವ, ಸೀರೆ ಹೂಗಳಿಂದ ಸಿಂಗರಿಸಿದ ಪೂಜೆಯನ್ನು ತಲೆಯ ಮೇಲೆ ಹೊತ್ತು ಕುಣಿಯುವವರು ಅದನ್ನು ಗೋಡೆಗೆ ಒರಗಿಸಿಡುವ ವಸ್ತುವೆಂದು ಭಾವಿಸುವುದಿಲ್ಲ. ಹಾಗಾಗಿ ಪೂಜೆಯನ್ನು ತರಲಿಲ್ಲ. ಊರಿನ ಹಿರಿಯರ ಒಪ್ಪಿಗೆ ಪಡೆದು ಕುಣಿತದ ರೇಖಾಚಿತ್ರಗಳನ್ನೂ, ಕಟ್ಟುವವರ ಕೈಯಲ್ಲಿ ಇನ್ನೂ ಅರ್ಧಕ್ಕೆ ನಿಂತಿದ್ದ ಬರೀ ಬಿದಿರಿನ ಚೌಕಟ್ಟನ್ನೂ ಮಾತ್ರ ಇಟ್ಟೆವು. ಆ ಚೌಕಟ್ಟು ಇಂದಿಗೂ ನನ್ನ ಕಣ್ಣಿನ ಮುಂದಿದೆ.

ಐದನೆಯದು ಮಕ್ಕಳದ್ದು. ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ನೂರಾರು ಮಕ್ಕಳನ್ನು ಸಿದ್ಧಪಡಿಸಿದ ನಾನು ಒಂದು ಮಾತನ್ನು ಸಂಕಟದಿಂದಲೇ ಹೇಳಬೇಕು. ನಿನಗೆ ಇಷ್ಟವಾದ ಚಿತ್ರ ಬಿಡಿಸು ಎಂದರೆ ನಮ್ಮ ಮಕ್ಕಳು ಬಿಡಿಸುವುದು ಎರಡು ಬೆಟ್ಟ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಮರ, ಇಂಗ್ಲಿಷಿನ ವಿ ಅಕ್ಷರದಂಥ ನಾಲ್ಕು ಹಕ್ಕಿ. ಬಯಲಾಗಿ ಹರಡಿದ ಗದ್ದೆಯ ನಡುವೆ ಬೆಳೆದ ಮಗುವಿಗೆ ಆ ಎರಡು ಬೆಟ್ಟ ಎಲ್ಲಿಂದ ಬಂದವು? ಯಾರೋ ಬಿಡಿಸಿದ್ದನ್ನು ನೋಡಿ ಯಾರೋ ಬಿಡಿಸಿದ್ದು, ಅಷ್ಟೆ. ಮಗು ತನ್ನ ಊರಿನ ಚಿತ್ರವನ್ನು ಗೋಡೆಯ ಮೇಲೆ ಎಂದೂ ಕಂಡಿಲ್ಲ. ಬೆಳಿಗ್ಗೆ ಶಾಲೆಗೆ ಬರುವ ದಾರಿಯಲ್ಲಿ ಕಂಡದ್ದನ್ನು ಮಾತ್ರ ಬಿಡಿಸಬೇಕು ಎಂದು ನಾವು ಷರತ್ತು ಹಾಕಿದೆವು. ನಾಲೆಯ ಏರಿ ಬಂತು, ಕಬ್ಬು ತುಂಬಿದ ಎತ್ತಿನ ಗಾಡಿಯ ಹಿಂದೆ ಜೋತುಬಿದ್ದು ಜಲ್ಲೆ ಎಳೆಯುವ ಹುಡುಗರು ಬಂದರು, ಬಸ್ಸಿನ ಕಿಟಕಿಯಲ್ಲಿ ಕಂಡ ಅಮ್ಮನ ಕೈ ಬಂತು. ಆ ಚಿತ್ರಗಳನ್ನು ನೆಲದಿಂದ ಮೂರೂವರೆ ಅಡಿ ಎತ್ತರಕ್ಕೆ ತೂಗುಹಾಕಿದೆವು. ಸಾಮಾನ್ಯವಾಗಿ ಚಿತ್ರದ ನಡುಭಾಗ ಸುಮಾರು 5 ಅಡಿ ಎತ್ತರದಲ್ಲಿ ಬರುವಂತೆ ಹಾಕುವುದು ವಾಡಿಕೆ, ಅದು ದೊಡ್ಡವರ ಕಣ್ಣಿನ ಮಟ್ಟ. ಈ ಬಾರಿ ಬಗ್ಗಿ ನೋಡುವ ಸರದಿ ದೊಡ್ಡವರದಾಯಿತು.

ಚಿತ್ರದ ಪಕ್ಕದ ಚೀಟಿಯ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ನಿಧಾನವಾಗಿ ನೋಡುವುದಕ್ಕೂ ಅದಕ್ಕೂ ಸಂಬಂಧವಿದೆ. ಮೈಸೂರಿನ ಜಗನ್ಮೋಹನ ಅರಮನೆ 1861ರಲ್ಲಿ ಕಟ್ಟಿದ್ದು, 1915ರಿಂದ ಚಿತ್ರಶಾಲೆಯಾಗಿದೆ. ಅಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಚಿತ್ರವನ್ನು ನೋಡದ ಮೈಸೂರು ಸೀಮೆಯವರು ಅಪರೂಪ. ಅದರ ಪ್ರತಿಗಳು ನಮ್ಮ ಎಷ್ಟೋ ಮನೆಗಳ ಹಜಾರದಲ್ಲಿವೆ. ಅದು ಯಾರ ಚಿತ್ರ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ರವಿವರ್ಮನದು ಎನ್ನುತ್ತಾರೆ. ಅದನ್ನು ಬಿಡಿಸಿದವರು ಎಸ್.ಎಲ್. ಹಳದಣಕರ್, ತಮ್ಮ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು ಬಿಡಿಸಿದ ಜಲವರ್ಣ ಅದು. ಜಲವರ್ಣದಲ್ಲಿ ತಪ್ಪಿದರೆ ತೈಲವರ್ಣದಂತೆ ಮೇಲೆ ಬಳಿದು ಮುಚ್ಚಲು ಬರುವುದಿಲ್ಲ. ಬೆರಳ ಸಂದಿಯಿಂದ ಸೋರುವ ಆ ಬೆಳಕನ್ನು ಹಾಗೆ ಹಿಡಿದವನ ಹೆಸರನ್ನು ನಾವು ಇನ್ನೊಬ್ಬರಿಗೆ ಕೊಟ್ಟು ಸುಮ್ಮನಿದ್ದೇವೆ. ನಮ್ಮ ಗ್ಯಾಲರಿಯಲ್ಲಿ ಪ್ರತಿ ಚಿತ್ರದ ಪಕ್ಕ ದಪ್ಪ ಕನ್ನಡ ಅಕ್ಷರಗಳಲ್ಲಿ ಬಿಡಿಸಿದವರ ಹೆಸರು, ಊರು, ಮಾಧ್ಯಮ, ಹಾಗೂ ಚಿತ್ರದ ಕುರಿತು ಅವರೇ ಹೇಳಿದ ಎರಡು ಸಾಲು ಇರುತ್ತದೆ.

ಈಗ ಕೋರಿಕೆಗೆ ಬರುತ್ತೇನೆ. ಸಾರ್ವಜನಿಕ ಸಭಾಂಗಣಗಳನ್ನು ನೋಡಿಕೊಳ್ಳುವ ಅಧಿಕಾರಿಗಳೇ, ತಾಲ್ಲೂಕು ಕೇಂದ್ರಗಳಲ್ಲಿ ದೊಡ್ಡ ಸಭಾಂಗಣದ ಪಕ್ಕದಲ್ಲಿ ಕುರ್ಚಿ, ಹರಿದ ಶಾಮಿಯಾನ, ಹಳೆಯ ಬ್ಯಾನರ್ ತುಂಬಿಸಿಟ್ಟ ಒಂದು ಕೋಣೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಒಂದು ಕೋಣೆಯನ್ನು ಖಾಲಿ ಮಾಡಿಸಿ, ಬಿಳಿಯ ಬಣ್ಣ ಬಳಿಸಿ, ದಿನದ ಬಾಡಿಗೆಯ ಬದಲು ಕೈಗೆಟಕುವ ತಿಂಗಳ ಬಾಡಿಗೆಯ ಲೆಕ್ಕದಲ್ಲಿ ಚಿತ್ರ ಪ್ರದರ್ಶನಕ್ಕೆಂದೇ ಮೀಸಲಿಡಿ. ಏರಿಸಿದ ಚಿತ್ರವನ್ನು ಗಡುವು ಮುಗಿಯುವವರೆಗೆ ಯಾವ ಸಭೆಗಾಗಿಯೂ ಇಳಿಸುವುದಿಲ್ಲ ಎಂಬುದನ್ನು ಬಾಡಿಗೆಯ ಕರಾರಿನಲ್ಲೇ ಬರೆಯಿರಿ. ಗೋಡೆಗೆ ಮೊಳೆ ಹೊಡೆದು ಹಾಳು ಮಾಡುತ್ತಾರೆ ಎಂಬ ಆತಂಕ ತಮಗಿದ್ದರೆ, ಸೂರಿನ ಕೆಳಗೆ ಒಂದು ಕಬ್ಬಿಣದ ಪಟ್ಟಿಯನ್ನು ಉದ್ದಕ್ಕೂ ಹಾಕಿಸಿದರೆ ಸಾಕು, ಅದರಿಂದ ತಂತಿ ಇಳಿಬಿಟ್ಟು ಎಷ್ಟು ಚಿತ್ರವನ್ನಾದರೂ ತೂಗಬಹುದು, ಗೋಡೆಗೆ ಒಂದು ರಂಧ್ರವೂ ಬೀಳುವುದಿಲ್ಲ. ನಮ್ಮ ಹಜಾರದಲ್ಲಿ ಮಾಡಿರುವುದು ಹಾಗೆಯೇ, ಬಂದು ನೋಡಬಹುದು. ಕಿಟಕಿಯ ಬಿಸಿಲು ನೇರವಾಗಿ ಬೀಳದಂತೆ ಪರದೆ ಹಾಕಿಸಬೇಕು, ಜಲವರ್ಣವೂ ಹಳೆಯ ಫೋಟೊಗಳೂ ಬಿಸಿಲಿಗೆ ಬಹಳ ಬೇಗ ಬಣ್ಣ ಕಳೆದುಕೊಳ್ಳುತ್ತವೆ.

ಮುಖ್ಯ ಶಿಕ್ಷಕರಲ್ಲಿ ನನ್ನ ಪ್ರಾರ್ಥನೆ ಇನ್ನೂ ಹತ್ತಿರದ್ದು. ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಗಳು ಎಷ್ಟಿವೆ ಎಂದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಹುದ್ದೆ ತುಂಬುವುದು ತಮ್ಮ ಕೈಯಲ್ಲಿಲ್ಲ, ನನ್ನ ಕೈಯಲ್ಲೂ ಇಲ್ಲ. ಆದರೆ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳನ್ನು ತಿಂಗಳಿಗೊಮ್ಮೆ ಒಂದು ಮಧ್ಯಾಹ್ನ ನಮ್ಮಲ್ಲಿಗೆ ಕಳಿಸುವುದು ತಮ್ಮ ಕೈಯಲ್ಲಿದೆ. ಒಂದು ಬಾರಿಗೆ ಒಂದೇ ತರಗತಿ ಬರಲಿ. ಸಾಲಾಗಿ ನಡೆದು ಹೋಗುವುದು ಬೇಡ. ಪ್ರತಿ ಮಗು ತಾನೇ ಆರಿಸಿಕೊಂಡ ಒಂದು ಚಿತ್ರದ ಮುಂದೆ ನೆಲದ ಮೇಲೆ ಇಪ್ಪತ್ತು ನಿಮಿಷ ಕೂರಲಿ. ಆಮೇಲೆ ಏನು ಕಂಡಿತೆಂದು ನಾನು ಕೇಳುತ್ತೇನೆ, ಸರಿ ತಪ್ಪು ಎನ್ನುವುದಿಲ್ಲ, ಬಹುಮಾನವೂ ಇರುವುದಿಲ್ಲ. ಪೆನ್ಸಿಲ್ಲು, ಕಾಗದ, ಕುಡಿಯುವ ನೀರು ನಮ್ಮದು.

ಜನಪ್ರತಿನಿಧಿಗಳಾದ ತಮ್ಮನ್ನು ಉದ್ಘಾಟನೆಗೆ ಕರೆಯುತ್ತಿಲ್ಲ, ಇದನ್ನು ಅಗೌರವವೆಂದು ದಯವಿಟ್ಟು ಭಾವಿಸಬಾರದು. ನಮ್ಮಲ್ಲಿ ಉದ್ಘಾಟನೆಯೇ ಇಲ್ಲ. ಶನಿವಾರ ಸಂಜೆ ನಾಲ್ಕಕ್ಕೆ ಬಾಗಿಲು ತೆರೆಯುತ್ತೇವೆ, ಅಷ್ಟೆ. ನಾಲ್ಕು ವಾರಗಳಲ್ಲಿ ತಮಗೆ ಬಿಡುವಾದ ಯಾವುದೋ ಒಂದು ಸಂಜೆ, ಹಿಂಬಾಲಕರನ್ನು ಹೊರಗೆ ಬಿಟ್ಟು, ಒಬ್ಬರೇ ಬಂದು ಅರ್ಧ ಗಂಟೆ ಇದ್ದು ಹೋಗಿ. ಅದನ್ನು ನಾವು ಯಾವ ಭಾಷಣಕ್ಕಿಂತಲೂ ದೊಡ್ಡ ಗೌರವವೆಂದು ತಿಳಿಯುತ್ತೇವೆ. ಪತ್ರಿಕೆಯ ಮಿತ್ರರಲ್ಲಿಯೂ ಇದೇ ಮಾತು: ಬಂದವರ ಪಟ್ಟಿಯ ಬದಲು ಒಂದು ಚಿತ್ರದ ಬಗ್ಗೆ ಹತ್ತು ಸಾಲು ಬರೆಯಿರಿ, ಮರುವಾರ ಬಂದವರಿಗೂ ಆ ಚಿತ್ರ ಗೋಡೆಯ ಮೇಲೆ ಸಿಗುತ್ತದೆ.

ಮೈಸೂರು ಇಲ್ಲಿಂದ ಸುಮಾರು 45 ಕಿಲೋಮೀಟರ್. 1906ರಲ್ಲಿ ಅಡಿಗಲ್ಲು ಬಿದ್ದ ಚಾಮರಾಜೇಂದ್ರ ತಾಂತ್ರಿಕ ಶಾಲೆಯ ಪರಂಪರೆಯಲ್ಲಿ ಬೆಳೆದ ದೃಶ್ಯಕಲಾ ಕಾಲೇಜು ಅಲ್ಲಿದೆ, ಕಲಾಮಂದಿರವಿದೆ, ಅರಮನೆಯ ಚಿತ್ರಶಾಲೆಯಿದೆ. ಅಲ್ಲಿಗೇ ಹೋಗಿ ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. ಹೋಗಬಹುದು, ಹೋಗಲೇಬೇಕು. ಆದರೆ ಗೊಬ್ಬರದ ಅಂಗಡಿಗೆ ಬಂದವರು ಚಪ್ಪಲಿ ಬಿಟ್ಟು ಒಳಗೆ ಬರುವುದು ಆ ಅಂಗಡಿಯ ಪಕ್ಕದ ಮನೆಗೆ ಮಾತ್ರ. ಮೈಸೂರಿನಲ್ಲಿ ಕಲಿತ ನಮ್ಮ ಹುಡುಗರು ಮಂಡ್ಯಕ್ಕೆ ಮರಳಿ ಬರಬೇಕೆಂದರೆ, ಅವರು ಬಿಡಿಸಿದ್ದನ್ನು ತೂಗುಹಾಕಲು ಇಲ್ಲಿ ಒಂದು ಗೋಡೆಯಾದರೂ ಇರಬೇಕು.

ಹಣದ ವಿಷಯವನ್ನೂ ಮುಚ್ಚಿಡುವುದಿಲ್ಲ. ಬಾಡಿಗೆ, ಕರೆಂಟು, ಚೌಕಟ್ಟಿನ ಖರ್ಚನ್ನು ನಾವು ಏಳು ಮಂದಿ ತಿಂಗಳ ವಂತಿಗೆಯಿಂದ ತೂಗಿಸುತ್ತಿದ್ದೇವೆ. ಚಿತ್ರ ಮಾರಾಟವಾದರೆ ಪೂರ್ತಿ ಹಣ ಕಲಾವಿದರದು. ಕೊಡಲು ಮನಸ್ಸಿರುವವರು ಹಳೆಯ ಫೋಟೊ ಚೌಕಟ್ಟು, ಮೌಂಟ್ ಬೋರ್ಡು, ಗಾಜು ಕೊಡಿ. ಅದಕ್ಕಿಂತ ಮೊದಲು ಒಮ್ಮೆ ಬಂದು ನೋಡಿ.

ಈ ವರ್ಷದ ಸರಣಿಯ ಮೊದಲ ಪ್ರದರ್ಶನ ವಿಜಯದಶಮಿ ಕಳೆದ ಮೊದಲ ಶನಿವಾರ ಆರಂಭವಾಗುತ್ತದೆ. ವಾರದ ದಿನಗಳಲ್ಲಿ ಸಂಜೆ 4ರಿಂದ 8ರವರೆಗೆ, ಭಾನುವಾರ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಬಾಗಿಲು ತೆರೆದಿರುತ್ತದೆ, ಮಂಗಳವಾರ ರಜೆ. ಬಾಗಿಲಿನ ಎದುರಿನ ಗೋಡೆಯಲ್ಲಿ ಆ ಹುಡುಗ ಹೊಸದಾಗಿ ಬಿಡಿಸಿದ ಆಲೆಮನೆ ಇರುತ್ತದೆ. ಅದರಲ್ಲಿ ಕೊಪ್ಪರಿಗೆ ಒಲೆಯಿಂದ ಇಳಿದಿದೆ, ಮರದ ತೊಟ್ಟಿಯಲ್ಲಿ ಒಬ್ಬರು ಪಾಕ ತಿರುವುತ್ತಿದ್ದಾರೆ, ಅವರ ಹೆಗಲ ಮೇಲೊಂದು ಟವೆಲ್ ಇದೆ. ಅವರಿಗೆ ನಾವು ಫೋನಿನಲ್ಲಿ ತಿಳಿಸಿದ್ದೇವೆ, ಭತ್ತದ ಕೊಯ್ಲು ಮುಗಿಸಿಕೊಂಡು ನಾಲ್ಕನೆಯ ವಾರ ಬರುತ್ತೇನೆ ಎಂದಿದ್ದಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕ
ಮಂಡ್ಯ